ಬೆರಳಿಗೆ ಬುದ್ಧಿಯಿಲ್ಲ ಎಂದವರಿಗೆ

ಸಂಸ್ಥೆ ಉಳಿಯಬೇಕಾದರೆ ಹೊಸತನ ಬೇಕು, ಹೊಸತನಕ್ಕೆ ಹೊರಗಿನ ತಜ್ಞರು ಬೇಕು ಎಂದು ಸಭೆ ನಡೆಸುವ ದೊಡ್ಡವರನ್ನು ಕೇಳುತ್ತೇನೆ: ನಿಮ್ಮ ಯಂತ್ರದ ಮುಂದೆ ಆಯಸ್ಸು ಸವೆಸಿದವರನ್ನು ಆ ಸಭೆಗೆ ಯಾವತ್ತಾದರೂ ಕರೆದಿದ್ದೀರಾ? ಕೂರಲು ಕುರ್ಚಿ ಕೊಟ್ಟಿದ್ದೀರಾ?

ತಿ. ನರಸೀಪುರದಲ್ಲಿ ಸರ್ಕಾರಿ ರೇಷ್ಮೆ ನೂಲು ಕಾರ್ಖಾನೆಯಿದೆ. ಇಲ್ಲಿ ಬಿಚ್ಚಿದ ನೂಲು ಮೈಸೂರಿನ ಮಗ್ಗ ಸೇರಿ ಮೈಸೂರು ರೇಷ್ಮೆ ಸೀರೆಯಾಗುತ್ತದೆ. ಆ ಸೀರೆಯ ಚರಿತ್ರೆ ಎಲ್ಲರಿಗೂ ಬಾಯಿಪಾಠ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನೇಯ್ಗೆ ಕಾರ್ಖಾನೆ ಹುಟ್ಟಿತು, ಸ್ವಿಟ್ಜರ್ಲೆಂಡಿನಿಂದ ಮಗ್ಗಗಳು ಬಂದವು, 1980ರಲ್ಲಿ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಸೇರಿತು. ಮಹಾರಾಜರ ಹೆಸರಿದೆ. ಮಗ್ಗ ಬಂದ ದೇಶದ ಹೆಸರೂ ಇದೆ. ನೂಲು ಬಿಚ್ಚಿದ ಹೆಣ್ಣುಮಕ್ಕಳ ಹೆಸರೆಲ್ಲಿ?

ಅವರು ಮಾಡುವುದೇನೆಂದು ತಿಳಿದುಕೊಳ್ಳಿ. ಗೂಡು ಬೇಯಿಸಿ, ಬಿಸಿನೀರಲ್ಲಿ ಎಳೆಯ ತುದಿ ಹಿಡಿದು, ಹಲವು ಗೂಡುಗಳ ಎಳೆ ಕೂಡಿಸಿ ಒಂದು ನೂಲು ತೆಗೆಯಬೇಕು. ಗೂಡಿನ ಒಳಪದರಕ್ಕೆ ಹೋದಷ್ಟೂ ಎಳೆ ತೆಳುವಾಗುತ್ತದೆ. ನೂಲು ಸೊರಗುವ ಮೊದಲೇ ಇನ್ನೊಂದು ಗೂಡು ಕೂಡಿಸಬೇಕು. ಮಳೆಗಾಲದ ಗೂಡಿನ ಗುಣ ಬೇರೆ, ಬೇಸಿಗೆಯದು ಬೇರೆ. ಬೇಯುವುದು ಕಡಿಮೆಯಾದರೆ ಎಳೆ ತುಂಡಾಗುತ್ತದೆ, ಹೆಚ್ಚಾದರೆ ರೇಷ್ಮೆ ಹಾಳಾಗುತ್ತದೆ. ಈ ಲೆಕ್ಕವನ್ನೆಲ್ಲ ತಲೆಮಾರುಗಟ್ಟಲೆ ಕಣ್ಣು, ಬೆರಳುಗಳೇ ಇಟ್ಟುಕೊಂಡು ಬಂದವು. ಆಮೇಲೆ ನೂಲಿನ ದಪ್ಪವನ್ನು ತಾನೇ ಅಳೆದು ಗೂಡು ಸೇರಿಸುವ ಸ್ವಯಂಚಾಲಿತ ಯಂತ್ರ ಬಂತು. ಅದು ಮಾಡುವುದು ಹೆಂಗಸರ ಬೆರಳು ಮಾಡುತ್ತಿದ್ದ ಕೆಲಸವನ್ನೇ. ಬೆರಳಲ್ಲಿದ್ದಾಗ ಅದು ಬರೀ ಕೂಲಿ, ಕಬ್ಬಿಣಕ್ಕೆ ಇಳಿದ ಮೇಲೆ ಆವಿಷ್ಕಾರ! ಈ ಅನ್ಯಾಯವನ್ನು ಒಪ್ಪಲಾರೆ.

ಇದರ ಬೇರು ಕಾರ್ಖಾನೆಗಿಂತ ಹಳೆಯದು. ಜಾತಿಯು ಕೆಲಸವನ್ನಷ್ಟೇ ಹಂಚಿಲ್ಲ, ಕೆಲಸಗಾರರನ್ನೇ ಮೇಲುಕೀಳಾಗಿ ಹೋಳು ಮಾಡಿದೆ ಎಂದು ಅಂಬೇಡ್ಕರ್ 1936ರಲ್ಲೇ ಬರೆದರು. ಕೈಯಲ್ಲಿ ದುಡಿಯುವವನಿಗೆ ಬುದ್ಧಿಯಿಲ್ಲ, ಬುದ್ಧಿಯಿದ್ದವನು ಕೈ ಮಾಸಿಕೊಳ್ಳಬಾರದು ಎಂಬ ಆ ಕಟ್ಟಳೆ ಈಗ ಟೈ ಕಟ್ಟಿಕೊಂಡು ಆಡಳಿತ ಮಂಡಳಿಯಲ್ಲಿ ಕೂತಿದೆ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಗೇಟುಗಳ ಮುಂದೆ ಶಿಫ್ಟಿಗೆ ನಿಂತ ಹುಡುಗ ಹುಡುಗಿಯರನ್ನು ನೋಡಿ. ಅವರಲ್ಲಿ ಗುತ್ತಿಗೆಯವರೆಷ್ಟೋ! ಯಂತ್ರ ಯಾವ ಸದ್ದು ಮಾಡಿದರೆ ಯಾವ ಭಾಗ ಕೆಡುತ್ತಿದೆ ಎಂಬುದು ಅದರ ಪಕ್ಕ ನಿಂತವರಿಗೆ ಮೊದಲು ಗೊತ್ತಾಗುತ್ತದೆ. ಬಾಯಿಬಿಟ್ಟರೆ ನಾಳೆ ಗೇಟು ಮುಚ್ಚೀತು ಎಂಬ ಹೆದರಿಕೆ ಇರುವಲ್ಲಿ ಆ ತಿಳಿವಳಿಕೆ ಗಂಟಲಲ್ಲೇ ಉಳಿಯುತ್ತದೆ. ಗುತ್ತಿಗೆ ಮುಗಿದ ದಿನ ಅವರೊಂದಿಗೇ ಹೊರಗೆ ಹೋಗುತ್ತದೆ. ಭಯದ ನೆಲದಲ್ಲಿ ಹೊಸದೇನೂ ಹುಟ್ಟದು. ಸಲಹಾ ಪೆಟ್ಟಿಗೆ ನೇತುಹಾಕಿ ಬೀಗ ಜಡಿದರೆ ಹೊಸತನ ಬಂದೀತೇ?

ಕಾರ್ಮಿಕರು ಬೇಡುತ್ತಿರುವುದು ಭಿಕ್ಷೆಯಲ್ಲ. ಉದ್ದಿಮೆಗಳ ಆಡಳಿತದಲ್ಲಿ ಅವರಿಗೆ ಪಾಲು ಸಿಗುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು ಎಂಬ 43ಎ ವಿಧಿ 1976ರಲ್ಲೇ ನಮ್ಮ ಸಂವಿಧಾನ ಸೇರಿದೆ. ನೌಕರನ ಆವಿಷ್ಕಾರವನ್ನು ಸಂಸ್ಥೆ ತನ್ನದಾಗಿಸಿಕೊಂಡರೆ ಅವನಿಗೆ ಪ್ರತಿಫಲ ಕೊಡಲೇಬೇಕೆಂದು ಜರ್ಮನಿ 1957ರಲ್ಲಿ ಕಾನೂನು ಮಾಡಿತು. ಅಲ್ಲಿ ಹಕ್ಕಾದದ್ದು ಇಲ್ಲೇಕೆ ದಾನವಾಗಬೇಕು? ವರ್ಷಕ್ಕೊಮ್ಮೆ ಶಾಲು ಹೊದಿಸಿ ಹಾರ ಹಾಕಿದರೆ ಋಣ ತೀರುವುದಿಲ್ಲ.

ಕೆಲಸದ ದಾರಿ ಸುಧಾರಿಸಿದವರ ಹೆಸರು ದಾಖಲೆಗೆ ಬರಲಿ. ಅದರಿಂದ ಬಂದ ಲಾಭದಲ್ಲಿ ಅವರಿಗೆ ಪಾಲು ಸಿಗಲಿ. ತೀರ್ಮಾನ ಮಾಡುವ ಮೇಜಿನ ಮುಂದೆ, ಕಾಯಂ ಆಗಲಿ ಗುತ್ತಿಗೆಯವರಾಗಲಿ, ಅವರು ಆರಿಸಿ ಕಳಿಸಿದವರು ಕೂರಲಿ. ಇಷ್ಟನ್ನೂ ಕೊಡದವರು ಹೊಸತನದ ಮಾತಾಡುವುದನ್ನು ನಿಲ್ಲಿಸಲಿ. ಅವರು ನಡೆಸುತ್ತಿರುವುದು ಹಳೆಯ ಜೀತವನ್ನೇ.