ಮೊದಲು ಸುತ್ತು, ಆಮೇಲೆ ಗಂಟು

ಕಳೆದ ರಾಜ್ಯೋತ್ಸವದ ಹಿಂದಿನ ಸಂಜೆ ನಾವು ಆರು ಜನ ಸೇರಿ ಆಡಿಟೋರಿಯಂ ಮುಂದೆ ಬ್ಯಾನರ್ ಕಟ್ಟಿದೆವು. ಬೆಳಿಗ್ಗೆ ಹೋಗಿ ನೋಡಿದರೆ ಮರದ ಚೌಕಟ್ಟಿನ ಸಮೇತ ಮೆಟ್ಟಿಲ ಮೇಲೆ ಬಿದ್ದಿತ್ತು. ರಾತ್ರಿ ಬಿತ್ತು, ಬಚಾವ್. ಬೆಳಗಾದ ಮೇಲೆ ಬಿದ್ದಿದ್ರೆ ಅಲ್ಲೇ ಕೂತು ರಂಗೋಲಿ ಹಾಕ್ತಿದ್ದ ಜೂನಿಯರ್‌ಗಳ ತಲೆ ಮೇಲೆ ಬೀಳ್ತಿತ್ತು.

ನಮ್ಮಲ್ಲಿ ನಾಲ್ವರು ಮೆಕ್ಯಾನಿಕಲ್, ಇಬ್ಬರು ಸಿವಿಲ್. ಗಂಟಿಗೇನೂ ಕಮ್ಮಿ ಇರಲಿಲ್ಲ, ಗಂಟಿನ ಮೇಲೆ ಗಂಟು ಹಾಕಿದ್ವಿ. ಆದರೆ ಕಂಬಕ್ಕೆ ಹಗ್ಗ ಬಳಸಿದ್ದು ಬರೀ ಅರ್ಧ ಸುತ್ತು. ಶಾಮಿಯಾನ ಹಾಕೋಕೆ ಬಂದಿದ್ದ ಅಣ್ಣ ನೋಡಿ ನಕ್ಕರು. "ಮೊದ್ಲು ಸುತ್ತು ಹಾಕ್ರಪ್ಪ, ಗಂಟು ಆಮೇಲೆ" ಅಂದರು. ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿದರು. ಉಳಿದ ತುದಿಯನ್ನು ಬಿಗಿಯಾಗಿ ನಿಂತ ಹಗ್ಗದ ಮೇಲಿಂದ ಬಳಸಿ, ಒಳಗಿಂದ ತೂರಿಸಿ ಎಳೆದರು. ಅದೇ ದಿಕ್ಕಿನಲ್ಲಿ ಇನ್ನೊಂದು ಸಲ. ಅಷ್ಟೇ.

ಇದರ ಲೆಕ್ಕ ನಮಗೆ ಗೊತ್ತಿತ್ತು ಅನ್ನೋದೇ ನಾಚಿಕೆಯ ವಿಷಯ. ಬೆಲ್ಟ್ ಫ್ರಿಕ್ಷನ್ ಪ್ರಾಬ್ಲಂ ಮಾಡಿ ಮಾರ್ಕ್ಸ್ ತಗೊಂಡವರು ನಾವು. ಘರ್ಷಣೆಯ ಗುಣಾಂಕ 0.3 ಅಂತ ಇಟ್ಟುಕೊಳ್ಳಿ. ಎರಡೂ ತುದಿಗಳ ಎಳೆತದ ಅನುಪಾತ ಅರ್ಧ ಸುತ್ತಿಗೆ ಸುಮಾರು 2.6, ಒಂದು ಸುತ್ತಿಗೆ 6.6, ಎರಡು ಸುತ್ತಿಗೆ 43! ಅಂದ್ರೆ ಗಾಳಿ 43 ಕೆಜಿಯಷ್ಟು ಎಳೆದರೂ ಗಂಟು ತಡೆಯಬೇಕಾದದ್ದು ಒಂದೇ ಕೆಜಿ. ಭಾರ ಹೊರೋದು ಸುತ್ತು, ಗಂಟು ಅದನ್ನು ಕಾಯುತ್ತೆ.

ಬಟ್ಟೆ ಒಣಹಾಕೋ ಹಗ್ಗಕ್ಕೆ, ಟ್ರೆಕ್ಕಿಂಗ್‌ನಲ್ಲಿ ಟಾರ್ಪಾಲ್ ಕಟ್ಟೋಕೆ, ದಡದ ಗೂಟಕ್ಕೆ ದೋಣಿ ಕಟ್ಟೋಕೆ ಇದೇ ಗಂಟು ಸಾಕು. ನುಣುಪಾದ ನೈಲಾನ್ ಹಗ್ಗವಾದರೆ ಒಂದು ಸುತ್ತು ಜಾಸ್ತಿ ಹಾಕಿ, ತುದಿ ಉದ್ದ ಬಿಡಿ. ಇನ್ನೊಂದು ಅನುಕೂಲ ಅಂದ್ರೆ, ಹಗ್ಗ ಬಿಗಿಯಾಗಿದ್ದಾಗಲೂ ಇದನ್ನು ಬಿಚ್ಚಬಹುದು. ನಮ್ಮ ಕಗ್ಗಂಟುಗಳನ್ನು ಬಿಡಿಸೋಕೆ ಬ್ಲೇಡೇ ಬೇಕಾಯ್ತು.

"ಕೇಬಲ್ ಟೈ ಇದೆಯಲ್ಲ?" ಅಂತ ನಮ್ಮಲ್ಲೇ ಒಬ್ಬ ಕೇಳಿದ. ಇದೆ. ಆದರೆ ಅದು ಸಾಮಾನ್ಯವಾಗಿ ಒಂದು ಸಲಕ್ಕೆ ಮುಗೀತು, ಕತ್ತರಿಸಿ ಎಸೀಬೇಕು. ಹಗ್ಗವನ್ನು ಸುತ್ತಿಟ್ಟರೆ ಮುಂದಿನ ವರ್ಷಕ್ಕೂ ಬರುತ್ತೆ.

ಅದಕ್ಕೇ ನಾವು ಹೇಳೋದು: ಮೊದಲ ವರ್ಷದ ವರ್ಕ್‌ಶಾಪ್‌ನಲ್ಲಿ ಅರ್ಧ ಗಂಟೆ ಹಗ್ಗಕ್ಕೆ ಕೊಡಿ. ಕಲಿಸೋಕೆ ಆ ಶಾಮಿಯಾನದ ಅಣ್ಣನನ್ನೇ ಕರೆಯಿರಿ, ಗೆಸ್ಟ್ ಲೆಕ್ಚರ್‌ಗೆ ಕೊಡೋ ಸಂಭಾವನೆಯನ್ನೇ ಅವರಿಗೂ ಕೊಡಿ. ಸೂತ್ರ ಬೋರ್ಡ್ ಮೇಲೆ ಬರೆಯೋಕೆ ನಮ್ಮ ಮೇಷ್ಟ್ರು ಪಕ್ಕದಲ್ಲಿರಲಿ. ಕೈಕೆಲಸ ಬಲ್ಲವರನ್ನು "ಓದದೇ ಇರೋರು" ಅಂತ ನೋಡೋ ನಮ್ಮ ಅಭ್ಯಾಸವೂ ಆ ಅರ್ಧ ಗಂಟೆಯಲ್ಲಿ ಸ್ವಲ್ಪ ಸಡಿಲವಾಗಬಹುದು.

ಅಲ್ಲಿಯವರೆಗೆ ನಮ್ಮ ಸಂಘದಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ. ಬ್ಯಾನರ್ ಒಬ್ಬರು ಕಟ್ಟಬೇಕು, ಇನ್ನೊಬ್ಬರು ಜೋತುಬಿದ್ದು ಎಳೆದು ನೋಡಬೇಕು. ಆಮೇಲೇ ಅದರ ಕೆಳಗೆ ರಂಗೋಲಿ.