ಮಳೆಯ ಲೆಕ್ಕ ಮಕ್ಕಳ ಕೈಯಲ್ಲಿರಲಿ

ಮೈಸೂರಿನ ಗೋಕುಲಂ ಬಡಾವಣೆಯಲ್ಲಿ ಕಾಂಟೂರ್ ರೋಡ್ ಎಂಬ ರಸ್ತೆಯೊಂದಿದೆ. ಕಾಂಟೂರ್ ಎಂದರೆ ಸಮಾನ ಎತ್ತರದ ಸ್ಥಳಗಳನ್ನು ಜೋಡಿಸುವ ಗೆರೆ. ಇಳಿಜಾರಿನ ಹೊಲದಲ್ಲಿ ಬದು ಹಾಕುವ ರೈತ ಹುಡುಕುವುದೂ ಇದೇ ಗೆರೆಯನ್ನು. ನಗರದ ಮಕ್ಕಳು ನಿತ್ಯ ಓಡಾಡುವ ರಸ್ತೆಯ ಹೆಸರಿನಲ್ಲಿಯೇ ಜಲಸಂರಕ್ಷಣೆಯ ಮೊದಲ ಪಾಠವಿದೆ. ಆದರೆ ಹೆಸರು ಓದಿದ ಮಾತ್ರಕ್ಕೆ ಪಾಠ ತಿಳಿಯುವುದಿಲ್ಲ. ಆ ಗೆರೆಯನ್ನು ಸ್ವತಃ ನೆಲದ ಮೇಲೆ ಎಳೆದು ನೋಡಬೇಕು.

ಗೋಕುಲಂಗೂ ನಮ್ಮ ಬೆಟ್ಟಗಳಿಗೂ ನೀರಿನ ನಂಟಿದೆ. ಮೈಸೂರಿಗೆ ನೀರುಣಿಸುವ ಕಾವೇರಿ ಹುಟ್ಟುವುದು ಕೊಡಗಿನಲ್ಲಿ. ಕೃಷ್ಣರಾಜಸಾಗರವನ್ನು ಸೇರುವ ಹೇಮಾವತಿ ಮೂಡಿಗೆರೆಯ ಬೆಟ್ಟಗಳಿಂದಲೂ ಲಕ್ಷ್ಮಣತೀರ್ಥ ಇರ್ಪಿನ ಕಡೆಯಿಂದಲೂ ಬರುತ್ತವೆ. ಬೆಳಗೊಳ, ಹೊಂಗಳ್ಳಿಗಳ ಸ್ಥಾವರಗಳಿಂದ ಆ ನೀರನ್ನು ವಿದ್ಯುತ್ತಿನ ಬಲದಿಂದ ನಗರದ ಎತ್ತರಕ್ಕೆ ಏರಿಸಲಾಗುತ್ತದೆ. ಬೆಟ್ಟದ ಮಗುವಿಗೆ ತನ್ನೂರ ಹಳ್ಳದ ನೀರು ಎಲ್ಲಿಗೆ ಹೋಗುತ್ತದೆಂಬುದೂ ನಗರದ ಮಗುವಿಗೆ ತನ್ನ ನಲ್ಲಿಯ ನೀರು ಎಲ್ಲಿಂದ ಬಂತೆಂಬುದೂ ತಿಳಿದಿರಬೇಡವೇ? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಇಂತಹ ನಾಡಿನಲ್ಲಿ ನೀರಿನ ಅರಿವು ಪರೀಕ್ಷೆಯ ಎರಡು ಅಂಕಗಳ ಪ್ರಶ್ನೆಯಾಗಿ ಉಳಿಯಬಾರದು.

ಈ ಹಿಂದೆ ಸರ್ಕಾರವೇ ದೊಡ್ಡ ಪ್ರಯತ್ನವೊಂದನ್ನು ಮಾಡಿತ್ತು. 2006–07ರ ಸುವರ್ಣ ಕರ್ನಾಟಕ ವರ್ಷದಲ್ಲಿ ‘ಸುವರ್ಣ ಜಲ’ ಯೋಜನೆಯಡಿ ರಾಜ್ಯದ 23 ಸಾವಿರಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳಿಗೆ ಚಾವಣಿ ಮಳೆನೀರು ಸಂಗ್ರಹದ ವ್ಯವಸ್ಥೆಯನ್ನು ಕಲ್ಪಿಸಲು ಹೊರಟಿತು. ಉದ್ದೇಶ ಶ್ಲಾಘನೀಯವೇ. ಆದರೆ ಅನೇಕ ಕಡೆ ತೊಟ್ಟಿ ಉಳಿಯಿತು, ನೀರು ಉಳಿಯಲಿಲ್ಲ. ಮೊದಲ ಮಳೆಯ ಕೊಳೆನೀರನ್ನು ಹೊರಬಿಡಬೇಕು, ಸೋಸುವ ಜಲ್ಲಿಯನ್ನು ತೊಳೆಯಬೇಕು, ದೋಣಿಯಲ್ಲಿ ಬಿದ್ದ ತರಗೆಲೆಯನ್ನು ತೆಗೆಯಬೇಕು. ಇವು ಒಮ್ಮೆ ಕಟ್ಟಿ ಮುಗಿಸುವ ಕೆಲಸಗಳಲ್ಲ, ಪ್ರತಿ ಮಳೆಗಾಲದ ಕರ್ತವ್ಯಗಳು. ತೊಟ್ಟಿಯನ್ನು ಕೊಟ್ಟೆವು, ಅದನ್ನು ನೋಡಿಕೊಳ್ಳುವ ಅರಿವನ್ನು ಶಾಲೆಯಲ್ಲಿ ಬೆಳೆಸಲಿಲ್ಲ.

ಆ ಅರಿವು ಅಳತೆಯಿಂದ ಆರಂಭವಾಗಬೇಕು. ನೇರ ಬದಿಯ ಡಬ್ಬಿಯೊಂದನ್ನು ಬಯಲಿನಲ್ಲಿಟ್ಟು, ಪ್ರತಿದಿನ ಬೆಳಿಗ್ಗೆ ಅದರಲ್ಲಿ ನಿಂತ ನೀರನ್ನು ಅಳತೆಪಟ್ಟಿಯಿಂದ ಅಳೆದು ಬರೆದಿಡಲಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಮೈಸೂರಿನ ವಾರ್ಷಿಕ ಮಳೆ ಸುಮಾರು 800 ಮಿ.ಮೀ. ಎಂದಿಟ್ಟುಕೊಂಡರೆ, 100 ಚದರ ಮೀಟರ್ ಚಾವಣಿಯ ಮೇಲೆ ಬೀಳುವುದು 80,000 ಲೀಟರ್. ಐದನೆಯ ಒಂದು ಭಾಗ ನಷ್ಟವಾದರೂ 64,000 ಲೀಟರ್ ಸಿಗುತ್ತದೆ. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಕಾಣುವ ಆಗುಂಬೆಯ ಲೆಕ್ಕವನ್ನು ಮಕ್ಕಳೇ ಮಾಡಲಿ. ಇಷ್ಟು ಸುರಿದರೂ ಮಲೆನಾಡಿನ ಬಾವಿಗಳು ಬೇಸಿಗೆಯಲ್ಲಿ ಏಕೆ ಬತ್ತುತ್ತವೆಂದು ಆಗ ಅವರೇ ಕೇಳುತ್ತಾರೆ.

ಉತ್ತರಕ್ಕೆ ಎರಡು ತಟ್ಟೆಗಳು ಸಾಕು. ಎರಡರಲ್ಲೂ ಮಣ್ಣು ತುಂಬಿ, ಒಂದೇ ರೀತಿ ಓರೆಯಾಗಿಟ್ಟು, ಒಂದರ ಮೇಲೆ ತರಗೆಲೆ ಹೊದಿಸಿ, ಸಮನಾಗಿ ನೀರು ಹಾಕಲಿ. ಬೋಳು ಮಣ್ಣಿನಿಂದ ನೀರು ಕೆಂಪಾಗಿ ಬೇಗನೆ ಹರಿದುಬರುತ್ತದೆ. ಹೊದಿಕೆಯ ಮಣ್ಣಿನಿಂದ ತಡವಾಗಿ, ತಿಳಿಯಾಗಿ ಬರುತ್ತದೆ. ಕಾಡಿಗೂ ಬಾವಿಗೂ ಇರುವ ಸಂಬಂಧವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಭಾಷಣವೂ ಹೇಳಲಾರದು. ನೀರು ತುಂಬಿದ ಪಾರದರ್ಶಕ ಕೊಳವೆಯ ಎರಡೂ ತುದಿಗಳಲ್ಲಿ ಮಟ್ಟ ಒಂದೇ ಇರುತ್ತದೆ. ಅದನ್ನು ಹಿಡಿದು ಶಾಲೆಯ ಅಂಗಳದಲ್ಲಿ ಸಮಪಾತಳಿ ಗೆರೆಯನ್ನು ಗುರುತಿಸಬಹುದು. ಗಂಟು ಹಾಕಿದ ಹಗ್ಗದಿಂದ ಊರ ಬಾವಿಯ ನೀರಿನ ಆಳವನ್ನು ತಿಂಗಳಿಗೊಮ್ಮೆ, ಹಿರಿಯರ ಜೊತೆಯಲ್ಲಿಯೇ, ಅಳೆಯಬಹುದು. ಸೋರುವ ನಲ್ಲಿಯ ಕೆಳಗೆ ಒಂದು ದಿನ ಬಕೆಟ್ ಇಟ್ಟು, ತುಂಬಿದ್ದೆಷ್ಟೆಂದು ಬರೆಯಬಹುದು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಇಂಗುಗುಂಡಿ ಎಲ್ಲ ನೆಲಕ್ಕೂ ಹೇಳಿದ ಮದ್ದಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದುದನ್ನು ಕಂಡಿದ್ದೇವೆ. ಕಡಿದಾದ ಇಳಿಜಾರಿನಲ್ಲಿ, ಮಣ್ಣು ಸಡಿಲವಿರುವಲ್ಲಿ, ಮನೆಗಳ ಮೇಲ್ಭಾಗದಲ್ಲಿ ಗುಂಡಿ ತೋಡಿ ನೀರು ನಿಲ್ಲಿಸುವುದು ಅಪಾಯಕರ. ಅಂತಹ ಕಡೆ ಹುಲ್ಲು, ಗಿಡಮರಗಳ ಹೊದಿಕೆಯನ್ನು ಕಾಯುವುದೂ ನೀರನ್ನು ಸುರಕ್ಷಿತವಾಗಿ ಹರಿಯಗೊಡುವುದೂ ವಿವೇಕ. ಎಲ್ಲಿ ಇಂಗಿಸಬೇಕು, ಎಲ್ಲಿ ಬಿಡಬೇಕು ಎಂಬುದನ್ನು ನೆಲವನ್ನು ನೋಡಿ ನಿರ್ಧರಿಸಲು ಮಕ್ಕಳು ಕಲಿಯಬೇಕು.

ಶಿಕ್ಷಕರಲ್ಲಿ, ಶಾಲಾಭಿವೃದ್ಧಿ ಸಮಿತಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮುಂಬರುವ ಮಳೆಗೆ ಮುನ್ನ ಪ್ರತಿ ಶಾಲೆಯಲ್ಲಿ ಒಂದು ಮಳೆ ಪುಸ್ತಕವನ್ನು ತೆರೆಯಿರಿ. ಹಳೆಯ ತೊಟ್ಟಿಯಿದ್ದರೆ ದುರಸ್ತಿಯ ಕೆಲಸವನ್ನು ದೊಡ್ಡವರು ಮಾಡಲಿ. ನೀರಿನ ಲೆಕ್ಕವನ್ನು ಮಕ್ಕಳು ಇಡಲಿ. ಏಳನೆಯ ತರಗತಿಯವರು ಶಾಲೆ ಬಿಡುವಾಗ ಆ ಪುಸ್ತಕವನ್ನು ಆರನೆಯ ತರಗತಿಯವರಿಗೆ ಒಪ್ಪಿಸಲಿ. ಹತ್ತು ವರ್ಷ ಹೀಗೆ ಬರೆದಿಟ್ಟರೆ, ತನ್ನೂರಿನ ಮಳೆ ಮತ್ತು ಬಾವಿಯ ಬಗ್ಗೆ ದಾಖಲೆ ಹಿಡಿದು ಗ್ರಾಮಸಭೆಯಲ್ಲಿ ಮಾತನಾಡಬಲ್ಲ ಒಂದು ತಲೆಮಾರು ನಮ್ಮಲ್ಲಿರುತ್ತದೆ.