ಕಾಗದದ ಕೆಂಪೆಲೆಯೂ ಅಂಗಳದ ಪಾರಿಜಾತವೂ

ಒಮ್ಮೆ ಅಕ್ಟೋಬರ್ ತಿಂಗಳಿನಲ್ಲಿ ಒಂದು ಶಿಶುವಿಹಾರವನ್ನು ನೋಡಲು ಹೋಗಿದ್ದೆನು. ನಾಲ್ಕು ವರ್ಷದ ಮಕ್ಕಳು ಸಾಲಾಗಿ ಕುಳಿತು, ಅಚ್ಚುಮಾಡಿದ ಎಲೆಯ ಚಿತ್ರಕ್ಕೆ ಕೆಂಪು ಬಣ್ಣವನ್ನು ತುಂಬುತ್ತಿದ್ದರು. ಎಲೆಯು ಮೇಪಲ್ ಮರದ್ದು. ಶರತ್ಕಾಲವೆಂದರೆ ಎಲೆ ಕೆಂಪಾಗಿ ಉದುರುವ ಕಾಲವೆಂದು ಗೋಡೆಯ ಮೇಲೆ ಬರೆದಿತ್ತು. ಕಿಟಕಿಯ ಹೊರಗಿನ ಹೊಂಗೆಯ ಮರವಾದರೋ ಹಚ್ಚಹಸುರಾಗಿ ನಿಂತಿತ್ತು. ಅದರ ಬುಡದಲ್ಲಿ ತುಂಬೆಯ ಗಿಡಗಳು ಹೂ ತಳೆದಿದ್ದುವು. ಒಳಗೆ ನಡೆಯುತ್ತಿದ್ದ ಪಾಠವನ್ನು ಹೊರಗಿನ ಮರವು ಮೌನವಾಗಿ ಅಲ್ಲಗಳೆಯುತ್ತಿತ್ತು.

ಇದು ಅಲ್ಪ ವಿಷಯವೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಕಣ್ಣಿಗೆ ಕಾಣುವುದೊಂದು, ಪಾಠದಲ್ಲಿ ಹೇಳುವುದು ಇನ್ನೊಂದು ಎಂದಾದಾಗ ಮಗುವು ಬೇಗನೆ ಒಂದು ತೀರ್ಮಾನಕ್ಕೆ ಬರುತ್ತದೆ: ನಿಸರ್ಗವೆಂಬುದು ಪುಸ್ತಕದಲ್ಲಿರುವ ವಸ್ತು, ಅಂಗಳದಲ್ಲಿರುವುದು ಲೆಕ್ಕಕ್ಕಿಲ್ಲ. ಈ ತಪ್ಪನ್ನು ಮುಂದೆ ಪ್ರೌಢಶಾಲೆಯ ಪ್ರಯೋಗಶಾಲೆಯೂ ಸುಲಭವಾಗಿ ತಿದ್ದಲಾರದು.

ಎಲೆಯು ಕೆಂಪಾಗುವುದು ಸುಳ್ಳೇನೂ ಅಲ್ಲ. ಆದರೆ ಅದು ನಡೆಯುವ ನಾಡು ಬೇರೆ. ಚಳಿಯ ದೇಶಗಳಲ್ಲಿ ಶರತ್ತಿನಲ್ಲಿ ಹಗಲು ಕಿರಿದಾಗುತ್ತ ಹೋಗುವುದು, ಶೈತ್ಯವು ಏರುವುದು. ಆಗ ಮರವು ಎಲೆಯಲ್ಲಿರುವ ಸಾರವನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಹಸುರು ಬಣ್ಣಕ್ಕೆ ಕಾರಣವಾದ ಪತ್ರಹರಿತ್ತು ಒಡೆದು ಹೋಗುವುದರಿಂದ, ಅದುವರೆಗೆ ಮರೆಯಾಗಿದ್ದ ಹಳದಿಯ ಕ್ಯಾರೊಟಿನಾಯ್ಡುಗಳು ಹೊರಗೆ ಕಾಣಿಸಿಕೊಳ್ಳುವುವು. ಮೇಪಲ್‌ನಂತಹ ಮರಗಳಲ್ಲಿ ಆಂಥೊಸಯನಿನ್ ಎಂಬ ಕೆಂಪು ದ್ರವ್ಯವೂ ಹೊಸದಾಗಿ ಉತ್ಪತ್ತಿಯಾಗುವುದು. ಕೊನೆಗೆ ತೊಟ್ಟಿನ ಬುಡದ ವಿಶೇಷ ಪದರವೊಂದು ಸಡಿಲಗೊಂಡು ಎಲೆಯು ಕಳಚಿ ಬೀಳುವುದು.

ನಮ್ಮ ನಾಡಿನಲ್ಲಿ ಆಶ್ವಯುಜ ಮತ್ತು ಕಾರ್ತಿಕ ಮಾಸಗಳು ಶರದೃತುವಿಗೆ ಸೇರಿದುವು. ಮಳೆಗಾಲದ ನೀರನ್ನುಂಡ ಗಿಡಮರಗಳು ಆಗ ತುಂಬು ಹಸುರಾಗಿರುವುವು. ನಮ್ಮ ತೇಗವು ಎಲೆ ಉದುರಿಸಲು ಮುಖ್ಯ ಕಾರಣ ಚಳಿಯಲ್ಲ, ನೀರಿನ ಅಭಾವ. ಆದುದರಿಂದ ಅದು ಬರಿದಾಗುವುದು ಒಣ ತಿಂಗಳುಗಳಲ್ಲಿ. ನಮ್ಮ ಶರತ್ತು ಹೂವಿನ, ಬೀಜದ, ಇಬ್ಬನಿಯ ಕಾಲ. ಎಳೆಯ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠಸಾಮಗ್ರಿ ಬೇಕೆ?

ಬೆಳಗಿನಲ್ಲಿ ಪಾರಿಜಾತದ ಕೆಳಗೆ ಮಗುವನ್ನು ಕರೆದೊಯ್ಯಿರಿ. ಸಂಜೆ ಅರಳಿದ ಹೂಗಳು ಬೆಳಗಾಗುವಷ್ಟರಲ್ಲಿ ನೆಲಕ್ಕೆ ಬಿದ್ದಿರುತ್ತವೆ. ನಾವು ತೊಟ್ಟೆಂದು ಕರೆಯುವ ಕಿತ್ತಳೆ ಬಣ್ಣದ ಭಾಗವು ವಾಸ್ತವವಾಗಿ ಎಸಳುಗಳೇ ಕೂಡಿ ಆದ ನಳಿಕೆ. ಹಿಂದೆ ಇದರಿಂದ ರೇಷ್ಮೆಗೆ ಬಣ್ಣ ಕಟ್ಟುತ್ತಿದ್ದರು. ಮಗುವು ಅದನ್ನು ಬಿಳಿಯ ಕಾಗದದ ಮೇಲೆ ಉಜ್ಜಲಿ. ಅಂಗಡಿಯ ಬಣ್ಣದ ಡಬ್ಬಿಯಿಲ್ಲದೆಯೇ ಚಿತ್ರವೊಂದು ಮೂಡುವುದು. ಕರ್ಣಕುಂಡಲದ ಬಲಿತ ಕಾಯನ್ನು ಮೆಲ್ಲನೆ ಮುಟ್ಟಿಸಿರಿ. ಬಿಗಿದುಕೊಂಡಿದ್ದ ಸಿಪ್ಪೆಯು ಫಕ್ಕನೆ ಸುರುಳಿಗೊಂಡು ಬೀಜಗಳನ್ನು ಚಿಮ್ಮಿಸುವುದು. ಹುಲ್ಲಿನಲ್ಲಿ ನಡೆದು ಬಂದ ಮಗುವಿನ ಅಂಗಿಗೆ ಉತ್ತರಾಣಿಯು ಅಂಟಿಕೊಂಡಿದ್ದರೆ, ಗಿಡವು ತನ್ನ ಬೀಜವನ್ನು ಬೇರೆಯವರ ಮೈಮೇಲೆ ಹೇಗೆ ಊರೂರಿಗೆ ಕಳುಹಿಸುತ್ತದೆಂಬುದನ್ನು ವಿವರಿಸಲು ಅಂಗಿಯೇ ಸಾಕು. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ನವರಾತ್ರಿಯಂದು ಘಟ ಸ್ಥಾಪಿಸಿ, ಸುತ್ತಲ ಮಣ್ಣಿನಲ್ಲಿ ಧಾನ್ಯವನ್ನು ಬಿತ್ತುತ್ತಾರೆ. ಇನ್ನೊಂದು ಬಟ್ಟಲಿನಲ್ಲಿ ಮಗುವೂ ನಾಲ್ಕು ಕಾಳು ಬಿತ್ತಿ, ಮೊಳಕೆಯ ಎತ್ತರಕ್ಕೆ ದಿನಕ್ಕೊಂದು ದಾರವನ್ನು ಕತ್ತರಿಸಿ ಕಾಗದಕ್ಕೆ ಅಂಟಿಸಲಿ. ಅಂಕೆಯನ್ನು ಅರಿಯದ ಮಗುವು ಬೆಳವಣಿಗೆಯ ನಕ್ಷೆಯೊಂದನ್ನು ರಚಿಸಿದಂತಾಯಿತು!

ಮಕ್ಕಳು ಹೊರಗಿನ ಲೋಕವನ್ನು ತಿಳಿಯಬಾರದೆ ಎಂದು ಕೇಳುವವರುಂಟು. ಅವಶ್ಯವಾಗಿ ತಿಳಿಯಲಿ. ನಮ್ಮ ದಸರೆಯ ಚೆಂಡುಹೂವಿನ ಮೂಲವೂ ದೂರದ ಮೆಕ್ಸಿಕೋ ಕಡೆಯ ನಾಡೇ. ವಸ್ತುವು ಸ್ವದೇಶದ್ದೋ ವಿದೇಶದ್ದೋ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಅದು ಮಗುವಿನ ಕೈಗೆ ಎಟಕುವುದೋ ಇಲ್ಲವೋ ಎಂಬುದೇ ಪ್ರಶ್ನೆ. ಬೀದಿಯ ಬದಿಯಲ್ಲಿ ನೆರಳಿಗಾಗಿ ಬೆಳೆಸುವ ಬಾದಾಮಿ ಮರದ ಅಗಲವಾದ ಎಲೆಗಳು ಉದುರುವ ಮುನ್ನ ಕೆಂಪೇರುತ್ತವೆ. ಆ ಎಲೆಯನ್ನು ಮೊದಲು ಕೈಯಲ್ಲಿ ಹಿಡಿದ ಮಗುವು ಮುಂದೊಂದು ದಿನ ಮೇಪಲ್ ಎಲೆಯ ಕಥೆಯನ್ನು ಚೆನ್ನಾಗಿ ಗ್ರಹಿಸುವುದು. ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ ತನ್ನ ಶಿಶುಶಾಲೆಗೆ 1840ರಲ್ಲಿ ‘ಕಿಂಡರ್‌ಗಾರ್ಟನ್’, ಎಂದರೆ ಮಕ್ಕಳ ತೋಟ, ಎಂಬ ಹೆಸರನ್ನು ಕೊಟ್ಟನು. ಅಲ್ಲಿ ಮಕ್ಕಳಿಗೆ ತಮ್ಮ ತಮ್ಮ ಪಾತಿಗಳಿದ್ದುವು. ನಾವು ಆ ಹೆಸರನ್ನು ಉಳಿಸಿಕೊಂಡು ತೋಟವನ್ನು ಮರೆತಿದ್ದೇವೆ.

ಎಚ್ಚರಿಕೆಯೂ ಅಗತ್ಯ. ಎಕ್ಕದ ಹಾಲು ಕಣ್ಣಿಗೆ ಅಪಾಯಕರ. ಕಣಗಿಲೆಯ ಗಿಡವೆಲ್ಲ ವಿಷ. ನೋಡಲು ಬಲು ಚೆಲುವಾದ ಗುಲಗಂಜಿಯ ಬೀಜವೂ ಘೋರ ವಿಷವೇ. ಇವುಗಳಿಂದ ಮಕ್ಕಳನ್ನು ದೂರವಿರಿಸಬೇಕು. ಯಾವ ಬೀಜವೂ ಬಾಯಿಗೆ ಹೋಗದಂತೆ ದೊಡ್ಡವರೊಬ್ಬರು ಜೊತೆಗಿರಬೇಕು.

ಆ ದೊಡ್ಡವರು ಯಾರು? ಮೂವತ್ತು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವ ಉಪಾಧ್ಯಾಯಿನಿಯ ಮೇಲೆ ಎಲ್ಲ ಹೊರೆಯನ್ನೂ ಹೊರಿಸುವುದು ನ್ಯಾಯವಲ್ಲ. ವಿದ್ಯಾರ್ಥಿಗಳಾದ ನಿಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಪುಟ್ಟ ತಮ್ಮ ತಂಗಿಯರು ಇದ್ದಾರೆ. ದಸರೆಯ ರಜೆಯಲ್ಲಿ ಒಂದು ಬೆಳಗನ್ನು ಅವರಿಗೆ ಕೊಡಿರಿ. ಅವರು ಕೇಳುವ ಪ್ರಶ್ನೆಗಳಲ್ಲಿ ಕೆಲವಕ್ಕಾದರೂ ನಿಮ್ಮ ಸಸ್ಯಶಾಸ್ತ್ರದ ಪುಸ್ತಕದಲ್ಲಿ ಉತ್ತರ ದೊರೆಯದು. ಆಗ ನೀವೂ ಮಗುವಿನೊಡನೆ ಬಗ್ಗಿ ನೋಡಬೇಕಾಗುವುದು. ಆ ಬೆಳಗಿನಿಂದ ಇಬ್ಬರಿಗೂ ಲಾಭ.